ವಿದ್ವಾನ್ ಮರಳುಚೀಲದವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಮರಳುಚೀಲಗಳೇ,

ಜರ್ಮನಿಯ ಹಾಲ್ಬರ್‌ಸ್ಟಾಟ್ ಊರಿನ ಸೇಂಟ್ ಬುರ್ಖಾರ್ಡಿ ಚರ್ಚಿನಲ್ಲಿ, ಆರ್ಗನ್ನಿನ ಕೀಲಿಗಳಿಗೆ ಜೋತುಬಿದ್ದು, ಅವನ್ನು ಒತ್ತಿ ಹಿಡಿದು ಹಗಲಿರುಳು ಒಂದೇ ಕೃತಿಯನ್ನು ನುಡಿಸುತ್ತಿರುವ ತಮಗೆ ಸಾಷ್ಟಾಂಗ ನಮಸ್ಕಾರ.

ಸಂಗೀತ ಸಭೆಗಳ ಕಬ್ಬಿಣದ ಕುರ್ಚಿಯಲ್ಲಿ ಬೆನ್ನು ಸವೆಸಿದವನು ನಾನು. ಹಾಡಿನ ನಡುವೆ ಮೈಕಿನವನನ್ನು ಗದರಿದವರನ್ನು ಕಂಡಿದ್ದೇನೆ. ಮೃದಂಗದವರಿಗೆ ತನಿ ಬಿಡುವುದನ್ನೇ ಮರೆತವರನ್ನೂ ಕಂಡಿದ್ದೇನೆ. ತಮ್ಮಂಥ ಸಜ್ಜನ ಕಲಾವಿದರನ್ನು ಮಾತ್ರ ಕಂಡಿಲ್ಲ. ಸಂಭಾವನೆಯ ಮಾತಿಲ್ಲ, ಶಾಲಿನ ಆಸೆಯಿಲ್ಲ, ಬಿಸಿನೀರಿನ ಫ್ಲಾಸ್ಕೂ ಬೇಡ. ಎದುರಿಗೆ ಒಂದು ನರಪಿಳ್ಳೆ ಇಲ್ಲದಿದ್ದರೂ ನುಡಿಸುತ್ತಲೇ ಇರುತ್ತೀರಿ.

ಇದೆಲ್ಲ ಶುರುವಾದದ್ದು ಜಾನ್ ಕೇಜ್ ಎಂಬ ಅಮೆರಿಕದ ಸಂಯೋಜಕರಿಂದ. 1985ರಲ್ಲಿ ಪಿಯಾನೋಗೆ ಬರೆದದ್ದನ್ನು ಅವರು 1987ರಲ್ಲಿ ಆರ್ಗನ್ನಿಗೆ ಒಗ್ಗಿಸಿದರು. ಸಾಧ್ಯವಾದಷ್ಟು ನಿಧಾನವಾಗಿ ನುಡಿಸಿ ಎಂದರು. ಎಷ್ಟು ನಿಧಾನವೆಂದು ಹೇಳದೆಯೇ 1992ರಲ್ಲಿ ತೀರಿಕೊಂಡರು. ಮೊದಲು ನುಡಿಸಿದ ಗೆರ್ಡ್ ಜಾಕರ್ ಸುಮಾರು ಅರ್ಧ ಗಂಟೆಯಲ್ಲಿ ಮುಗಿಸಿ ಎದ್ದರು. ಪಾಪ, ಮನುಷ್ಯರು, ಊಟದ ಹೊತ್ತೂ ನೋಡಬೇಕಲ್ಲ. ತಪ್ಪೆಲ್ಲ ಅಮೆರಿಕದ್ದು ಎನ್ನುವಂತೆಯೂ ಇಲ್ಲ. 1946ರಲ್ಲಿ ಕೇಜ್ ಅವರಿಗೆ ಭಾರತೀಯ ಸಂಗೀತ ಹೇಳಿಕೊಟ್ಟು, ಮನಸ್ಸನ್ನು ಶಾಂತಗೊಳಿಸುವುದೇ ಸಂಗೀತದ ಗುರಿ ಎಂದು ತಿಳಿಸಿದವರು ಅಹಮದಾಬಾದಿನ ಗೀತಾ ಸಾರಾಭಾಯಿ.

ಆರ್ಗನ್ ತಾಳಿಕೊಳ್ಳುವಷ್ಟು ಕಾಲವೂ ಈ ಕೃತಿಯನ್ನು ನುಡಿಸಬಹುದಲ್ಲ ಎಂಬ ಮಾತು ಹುಟ್ಟಿದ ಮೇಲೆ ಲೆಕ್ಕ ಹಾಕಿದ್ದು ಹೀಗೆ: ಹಾಲ್ಬರ್‌ಸ್ಟಾಟ್‌ನ ಕೆಥೆಡ್ರಲ್ಲಿನಲ್ಲಿ 1361ರಲ್ಲಿ ಒಂದು ಪ್ರಸಿದ್ಧ ಆರ್ಗನ್ ಇತ್ತು. ಅಲ್ಲಿಂದ 2000ಕ್ಕೆ 639 ವರ್ಷ. ಮುಂದಕ್ಕೂ ಅಷ್ಟೇ ನುಡಿಸೋಣ! 1361 ಎಂದರೆ ವಿಜಯನಗರದಲ್ಲಿ ಬುಕ್ಕರಾಯನ ಕಾಲ. ಹಂಪಿ ಬೆಳೆದು, ಮೆರೆದು, 1565ರಲ್ಲಿ ಹಾಳಾಗಿ, ಕೊನೆಗೆ ಟಿಕೆಟ್ ಕೊಂಡು ನೋಡುವ ಜಾಗವಾಗುವಷ್ಟು ಕಾಲ ತಾವು ಒಂದೇ ಕೃತಿಯನ್ನು ಹಿಡಿದು ಕೂರಬೇಕು.

ಆರಂಭವೂ ಅದಕ್ಕೆ ತಕ್ಕಂತೆಯೇ ಇತ್ತು. 2001ರ ಸೆಪ್ಟೆಂಬರ್ 5, ಕೇಜ್ ಹುಟ್ಟಿದ ದಿನ, ಕಛೇರಿ ಶುರು. ಕೃತಿಯ ಮೊದಲಲ್ಲೇ ವಿರಾಮವಿದ್ದುದರಿಂದ ಹದಿನೇಳು ತಿಂಗಳು ಕೇಳಿಸಿದ್ದು ತಿದಿಯ ಉಸಿರು ಮಾತ್ರ. ನಮ್ಮಲ್ಲಿ ಕಛೇರಿ ತಡವಾಗಬೇಕಾದರೆ ಮುಖ್ಯ ಅತಿಥಿಗಳ ಭಾಷಣ ಬೇಕು. ತಾವು ಅದಿಲ್ಲದೆಯೇ ಸಾಧಿಸಿದಿರಿ. ಮೊದಲ ನಾದ ಹೊರಟದ್ದು 2003ರ ಫೆಬ್ರವರಿ 5ಕ್ಕೆ. ಆಮೇಲೆ 2013ರ ಅಕ್ಟೋಬರ್‌ನಿಂದ 2020ರ ಸೆಪ್ಟೆಂಬರ್‌ವರೆಗೆ, ಹತ್ತಿರಹತ್ತಿರ ಏಳು ವರ್ಷ, ಅವೇ ಸ್ವರಗಳು. ನಮ್ಮ ತಂಬೂರಿಯವರಾದರೂ ನಡುವೆ ಒಮ್ಮೆ ಆಕಳಿಸುತ್ತಾರೆ.

ನೆರೆಹೊರೆಯವರು ತಮ್ಮ ಕಲೆಗೆ ಬೇಗನೆ ಸ್ಪಂದಿಸಿದರು: ಸದ್ದು ತಡೆಯಲಾಗುತ್ತಿಲ್ಲ ಎಂದು ದೂರಿದರು. ವಾದ್ಯಕ್ಕೆ ಅಕ್ರಿಲಿಕ್ಕಿನ ಪೆಟ್ಟಿಗೆ ಹೊದಿಸಬೇಕಾಯಿತು. ವಿಮರ್ಶಕರಿಗಿಂತ ಪ್ರಾಮಾಣಿಕರು.

ರಸಿಕರ ವಿಷಯಕ್ಕೆ ಬರುತ್ತೇನೆ. ನನ್ನ ತಕರಾರು ಇರುವುದು ಅವರ ಮೇಲೆಯೇ. ಸ್ವರ ಬದಲಾಗುವ ದಿನ ಚರ್ಚು ಕಿಕ್ಕಿರಿಯುತ್ತದೆ. ದೂರದೂರುಗಳಿಂದ ಬರುತ್ತಾರೆ, ಫೋನ್ ಎತ್ತಿ ಹಿಡಿಯುತ್ತಾರೆ, ಕೊಳವೆಯೊಂದು ಸೇರಿದೊಡನೆ ಚಪ್ಪಾಳೆ. ನಿಧಾನವನ್ನು ಸವಿಯಲು ಬಂದವರಿಗೆ ಬೇಕಾದದ್ದು ಇಡೀ ಕೃತಿಯಲ್ಲಿ ಅವಸರದ ಒಂದೇ ಕ್ಷಣ! ಮಾರನೆಯ ದಿನ ಅಲ್ಲಿ ತಾವು, ಗಾಳಿ, ಮತ್ತು ಗೋಡೆ.

ಆ ಗೋಡೆಗಳಿಗೆ ತಾಳ್ಮೆ ಹೊಸದಲ್ಲ ಬಿಡಿ. ಹನ್ನೊಂದನೆಯ ಶತಮಾನದ ಕಟ್ಟಡ. ಸಿಸ್ಟರ್ಶಿಯನ್ ಸನ್ಯಾಸಿನಿಯರ ಮಠವಾಗಿತ್ತು. 1810ರಲ್ಲಿ ಮಠ ಮುಚ್ಚಿತು. ಆಮೇಲೆ ಕಣಜವಾಯಿತು, ಹೆಂಡದ ಭಟ್ಟಿಯಾಯಿತು, ಹಂದಿಗೂಡೂ ಆಯಿತು. 1945ರ ಏಪ್ರಿಲ್ 8ರ ಬಾಂಬು ದಾಳಿಯಲ್ಲಿ ಹಳೆಯ ಊರಿನ ಬಹುಪಾಲು ನೆಲಸಮವಾಯಿತು. ಮುಂದೆ ಅದು ಪೂರ್ವ ಜರ್ಮನಿ. ಆ ದೇಶವೂ ಈಗಿಲ್ಲ. ಇಷ್ಟನ್ನು ಕಂಡ ಊರಿನವರು ಇನ್ನು ಆರು ಶತಮಾನ ಗಾಳಿಯಂತ್ರದ ಕರೆಂಟ್ ಬಿಲ್ ಕಟ್ಟುವವರು ಯಾರಾದರೂ ಸಿಕ್ಕೇ ಸಿಗುತ್ತಾರೆ ಎಂದು ನಂಬಿದ್ದಾರೆ. ದಾನಿಗಳು ತಾವು ಕಾಣಲಾರದ ಒಂದೊಂದು ವರ್ಷವನ್ನು ಕೊಂಡು ಚರ್ಚಿನಲ್ಲಿ ಫಲಕ ಹಾಕಿಸುತ್ತಾರೆ. ನಗುವೆನೆಂದು ಪತ್ರ ಶುರುಮಾಡಿದವನು ನಾನು. ಈ ಫಲಕಗಳ ಮುಂದೆ ನನ್ನ ಲೇವಡಿ ನಡೆಯುವುದಿಲ್ಲ. ಮುಂದಿನ ವರ್ಷದ ರಾಮೋತ್ಸವದ ಚಂದಾ ಕೇಳಿದರೇ ಆಗ ನೋಡೋಣ ಎನ್ನುವವನು ನಾನು.

ಮಂಗಳ 2640ರ ಸೆಪ್ಟೆಂಬರ್ 4ಕ್ಕಂತೆ. ಮಂಗಳಕ್ಕೆ ಮೊದಲೇ ಎದ್ದು ಹೋಗುವವರನ್ನು ಕಂಡರೆ ನಮ್ಮ ವಿದ್ವಾಂಸರಿಗೆ ಸಿಟ್ಟು. ತಮ್ಮ ಸಭಿಕರು ಎದ್ದು ಹೋಗಲೇಬೇಕಾದವರು, ಮನ್ನಿಸಿ.

ಓದುಗರಿಗೂ ಒಂದು ಮಾತು. ಮುಂದಿನ ಸ್ವರ ಬದಲಾವಣೆ 2026ರ ಆಗಸ್ಟ್ 5ಕ್ಕೆಂದು ಗೊತ್ತಾಗಿದೆ. ಬರ್ಲಿನ್ನಿನಲ್ಲೋ ಹ್ಯಾನೋವರಿನಲ್ಲೋ ಇರುವ ಕನ್ನಡಿಗರು ದಯವಿಟ್ಟು ಆ ದಿನ ಹೋಗಬೇಡಿ. ಏನೂ ನಡೆಯದ ಒಂದು ಬುಧವಾರ ಹೋಗಿ ಕೂತು ಬನ್ನಿ.

ಇಂತಿ,
ತಮ್ಮ ಒಬ್ಬ ರಸಿಕ