ಹತ್ತು ಕಿಲೋಮೀಟರ್, ಒಂದೇ ಬಾಟಲಿ

ಕುಡಿಯುವುದನ್ನು ಪೂರ್ತಿ ಬಿಟ್ಟವರ ಬಗ್ಗೆ ನನಗೆ ಗೌರವವಿದೆ. ಹಗಲೂ ರಾತ್ರಿ ಕುಡಿಯುವವರ ಬಗ್ಗೆ ಕನಿಕರವಿದೆ. ಇವರಿಬ್ಬರ ನಡುವೆ ‘ಲಿಮಿಟ್ಟಲ್ಲಿ ತಗೋತೀನಿ’ ಅನ್ನುವ ಪಂಗಡ ಇದೆಯಲ್ಲ, ಅವರನ್ನು ಮಾತ್ರ ನಂಬಬೇಡಿ. ಮಿತಿ ಎಷ್ಟೆಂದು ಗೊತ್ತುಮಾಡುವವರೂ ಅವರೇ, ಅಳೆಯುವವರೂ ಅವರೇ, ಮೀರಿತೋ ಇಲ್ಲವೋ ಎಂದು ತೀರ್ಪು ಕೊಡುವವರೂ ಅವರೇ. ತೀರ್ಪು ಹೊರಬೀಳುವ ಹೊತ್ತಿಗೆ ನ್ಯಾಯಾಧೀಶರು ಒಂದು ಸುತ್ತು ಮುಗಿಸಿರುತ್ತಾರೆ. ನಾನು ಈ ಪಂಗಡದ ಹಳೆಯ ಸದಸ್ಯ.

ಇಂಥ ನಾನು 2024ರ ಬೆಂಗಳೂರು ವಿಶ್ವ 10ಕೆ ಓಟಕ್ಕೆ ಹೆಸರು ಕೊಟ್ಟೆ. ಆರೋಗ್ಯದ ಕಾಳಜಿಯೇನೂ ಅಲ್ಲ. ನನಗಿಂತ ಎರಡು ಸೈಜು ದೊಡ್ಡ ಪ್ಯಾಂಟು ಹಾಕುವ ಅಕೌಂಟ್ಸಿನ ಗೆಳೆಯ ಹೆಸರು ಕೊಟ್ಟ. ಅವನು ಕೊಟ್ಟಮೇಲೆ ನಾನು ಸುಮ್ಮನಿರುವುದು ಹೇಗೆ? ಓಟ ಏಪ್ರಿಲ್ 28ರ ಭಾನುವಾರ. ಜನವರಿಯಲ್ಲಿ ಏಪ್ರಿಲ್ ಬಹಳ ದೂರ ಕಾಣುತ್ತದೆ.

ಕಬ್ಬನ್ ಪಾರ್ಕಿನಲ್ಲಿ ಬೆಳಿಗ್ಗೆ ನಮ್ಮಂಥವರನ್ನು ಓಡಿಸಲು ಒಬ್ಬ ಕೋಚ್ ಸಿಕ್ಕ. ನನ್ನ ಮಗಳಿಗಿಂತ ನಾಲ್ಕು ವರ್ಷ ದೊಡ್ಡವನಿರಬೇಕು. ಶೂ ಯಾವುದು, ಊಟ ಏನು, ನಿದ್ದೆ ಎಷ್ಟು ಎಂದೆಲ್ಲ ಕೇಳಿದ. ಎಲ್ಲರೂ ಹೋದಮೇಲೆ ನಾನು ಒಬ್ಬನೇ ನಿಂತು, ದನಿ ತಗ್ಗಿಸಿ, “ಅಲ್ಲಪ್ಪ, ವಾರದಲ್ಲಿ ಒಂದೆರಡು ಸಲ ಸಂಜೆ ಹೊತ್ತು...” ಅಂದೆ. ಹುಡುಗ ಸೂಕ್ಷ್ಮಮತಿ. “ಒಂದು ಡ್ರಿಂಕ್ ಅಂದ್ರೆ ಏನೂ ಆಗಲ್ಲ ಸರ್. ಪೂರ್ತಿ ಬಿಟ್ರೆ ಇನ್ನೂ ಒಳ್ಳೇದು” ಅಂದ. ಮೊದಲ ವಾಕ್ಯ ಸ್ಪಷ್ಟವಾಗಿ ಕೇಳಿಸಿತು. ಎರಡನೆಯದು ಹೇಳುವಾಗ ಹಕ್ಕಿಗಳು ಬಹಳ ಕೂಗುತ್ತಿದ್ದವು.

ಅಂದಿನಿಂದ ನಾನು ಶಿಸ್ತಿನ ಮನುಷ್ಯನಾದೆ. ವಿಸ್ಕಿ ಬಿಟ್ಟೆ. ಓಟಗಾರನಿಗೆ ಬಿಯರೇ ಸರಿ, ಅದು ಬಾರ್ಲಿ, ಬಾರ್ಲಿ ಧಾನ್ಯ, ಧಾನ್ಯದಲ್ಲಿ ಶಕ್ತಿ ಇದೆ ಎಂದು ಒಂದು ಸಿದ್ಧಾಂತ ಕಟ್ಟಿಕೊಂಡೆ. ನಮ್ಮ ಬಡಾವಣೆಯ ಬಾರಿನಲ್ಲಿ ಮೂಲೆಯ ಟೇಬಲ್ಲು ನನ್ನದು. ಸಪ್ಲೈಯರ್ ಹಳೆಯ ಪರಿಚಯ.

“ಮೈಲ್ಡಾ, ಸ್ಟ್ರಾಂಗಾ ಸಾರ್?”

“ಒಂದೇ ಕುಡಿಯೋದು ಕಣಪ್ಪ. ಸ್ಟ್ರಾಂಗೇ ಕೊಡು.”

ಇದರಲ್ಲಿ ತರ್ಕದೋಷ ಕಾಣುತ್ತದೆಯೇ? ನನಗೆ ಕಾಣಲಿಲ್ಲ. ಜೊತೆಗೆ ಕಾಂಗ್ರೆಸ್ ಕಡಲೆಕಾಯಿ, ಎಗ್ ಬುರ್ಜಿ. ಅದು ಪ್ರೋಟೀನು. ಬಾಟಲಿ ಒಂದೇ. ಎರಡನೆಯದಕ್ಕೆ ಕೈಯಾಡಿಸಿ ‘ಬೇಡ’ ಅನ್ನುವಾಗ ಪಕ್ಕದ ಟೇಬಲ್ಲಿನವರು ನನ್ನತ್ತ ನೋಡಲಿ ಎಂದು ಸ್ವಲ್ಪ ಜೋರಾಗಿಯೇ ಅನ್ನುತ್ತಿದ್ದೆ.

ಈ ಸಂಯಮಕ್ಕೆ ಕಲ್ಲು ಹಾಕಿದ್ದು ನನ್ನ ಮಗಳು. ಪಿಯುಸಿ ವಿಜ್ಞಾನ. ಒಂದು ರಾತ್ರಿ ಊಟದ ಹೊತ್ತಿಗೆ ನನ್ನ ಸಾಧನೆಯನ್ನು ವರ್ಣಿಸುತ್ತಿದ್ದಾಗ ಅವಳು ಕರೆಂಟ್ ಬಿಲ್ಲನ್ನು ಮಗುಚಿ ಹಾಕಿ ಪೆನ್ನು ತೆಗೆದಳು.

“ಅಪ್ಪ, ಬಾಟಲಿ ಎಷ್ಟು ಎಂಎಲ್?”

“650.”

“ಲೇಬಲ್ ಮೇಲೆ ಪರ್ಸೆಂಟ್ ಎಷ್ಟಿರುತ್ತೆ?”

“ಎಂಟರವರೆಗೂ ಇರುತ್ತೆ.”

“650ಕ್ಕೆ 8 ಪರ್ಸೆಂಟ್ ಅಂದ್ರೆ 52 ಎಂಎಲ್ ಆಲ್ಕೋಹಾಲ್. ಡೆನ್ಸಿಟಿ 0.79. ಹತ್ತಿರ ಹತ್ತಿರ 41 ಗ್ರಾಂ.” ಬಿಲ್ಲಿನ ಮೇಲೆ 41 ಬರೆದು ಅದಕ್ಕೊಂದು ಸುತ್ತು ಹಾಕಿದಳು. “ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ ಒಂದು ಡ್ರಿಂಕ್ ಅಂದ್ರೆ 10 ಗ್ರಾಂ. ನೀನು ಕುಡೀತಿರೋದು ನಾಲ್ಕು.”

ನಾನು ಬಿಡಲಿಲ್ಲ. ಹಾಗಾದರೆ ವಿಸ್ಕಿಯ ಲೆಕ್ಕ ಹೇಳು ಅಂದೆ. ನಮ್ಮ ದೇಶದ ವಿಸ್ಕಿ ಶೇಕಡ 42.8. ಒಂದು ಸ್ಮಾಲ್, ಅಂದರೆ 30 ಎಂಎಲ್, ಹತ್ತಿರ ಹತ್ತಿರ 10 ಗ್ರಾಂ ಬಂತು. ಎಂದರೆ ಓಟದ ಸಲುವಾಗಿ ನಾನು ಪಾಪದ ವಿಸ್ಕಿಯನ್ನು ತ್ಯಜಿಸಿ, ಅದರ ಬದಲಿಗೆ ಎರಡು ಲಾರ್ಜಿಗೆ ಸಮನಾದ ಪುಣ್ಯದ ಬಿಯರನ್ನು ಕುಡಿಯುತ್ತಿದ್ದೆ. ವಿಸ್ಕಿ ಕುಡಿಯುತ್ತಿದ್ದ ಕಾಲದಲ್ಲೂ ನಾನು ಒಂದು ಲಾರ್ಜ್ ದಾಟಿದವನಲ್ಲ.

“ಆ ಸಂಸ್ಥೆಯವರು 2023ರಲ್ಲೇ ಹೇಳಿದಾರೆ, ಸೇಫ್ ಅನ್ನೋ ಲೆವೆಲ್ಲೇ ಇಲ್ಲ ಅಂತ” ಎಂದು ಮಗಳು ಕೊನೆಯ ಮೊಳೆ ಹೊಡೆದು, ಮೊಸರನ್ನಕ್ಕೆ ಉಪ್ಪಿನಕಾಯಿ ಹಾಕಿಕೊಂಡಳು.

ಇತಿಹಾಸ ಬಲ್ಲ ಕುಡುಕನನ್ನು ಗಣಿತದಿಂದ ಸೋಲಿಸಲಾಗುವುದಿಲ್ಲ. 1904ರ ಸೇಂಟ್ ಲೂಯಿ ಒಲಿಂಪಿಕ್ಸ್ ಮ್ಯಾರಥಾನ್ ಗೆದ್ದ ಥಾಮಸ್ ಹಿಕ್ಸ್‌ಗೆ ದಾರಿಯಲ್ಲಿ ಬ್ರಾಂಡಿ ಕುಡಿಸಿದ್ದರು ಎಂದು ನಾನು ಎದೆಯುಬ್ಬಿಸಿ ಹೇಳಿದೆ. ಫ್ರಾನ್ಸಿನ ಮೆಡಾಕ್ ಸೀಮೆಯಲ್ಲಿ ದ್ರಾಕ್ಷಾತೋಟಗಳ ನಡುವೆ ಇವತ್ತಿಗೂ ಒಂದು ಮ್ಯಾರಥಾನ್ ನಡೆಯುತ್ತದೆ, ಇಪ್ಪತ್ತಕ್ಕೂ ಹೆಚ್ಚು ಕಡೆ ಓಟಗಾರರ ಕೈಗೆ ವೈನ್ ಕೊಡುತ್ತಾರೆ, ಜನ ವೇಷ ಕಟ್ಟಿಕೊಂಡು ಓಡುತ್ತಾರೆ ಎಂದೂ ಸೇರಿಸಿದೆ. ಮಗಳು ಫೋನಿನಲ್ಲಿ ಹುಡುಕಿ, ಹಿಕ್ಸ್‌ಗೆ ಬ್ರಾಂಡಿಯ ಜೊತೆ ಮೊಟ್ಟೆಯ ಬಿಳಿಭಾಗವನ್ನೂ ಸ್ಟ್ರಿಕ್ನಿನ್ ಎಂಬ ವಿಷವನ್ನೂ ಕೊಟ್ಟಿದ್ದರು, ಕೊನೆಯಲ್ಲಿ ಅವನನ್ನು ಆಚೀಚೆ ಹಿಡಿದುಕೊಂಡೇ ಗೆರೆ ದಾಟಿಸಬೇಕಾಯಿತು ಎಂದು ಓದಿ ಹೇಳಿದಳು. ನಾಲ್ಕು ವರ್ಷದ ನಂತರ ಲಂಡನ್ನಿನಲ್ಲಿ ದಕ್ಷಿಣ ಆಫ್ರಿಕದ ಚಾರ್ಲ್ಸ್ ಹೆಫರನ್ ಎಲ್ಲರಿಗಿಂತ ಮುಂದೆ ಓಡುತ್ತಿದ್ದವನು, ಇನ್ನೇನು ಎರಡು ಮೈಲಿ ಉಳಿದಿದೆ ಅನ್ನುವಾಗ ಯಾರೋ ಪ್ರೀತಿಯಿಂದ ಕೊಟ್ಟ ಶಾಂಪೇನ್ ಕುಡಿದ. ಹೊಟ್ಟೆ ಹಿಡಿದುಕೊಂಡಿತು, ಚಿನ್ನ ಕೈತಪ್ಪಿತು. ಇದನ್ನು ಓದುವಾಗ ಅವಳ ದನಿಯಲ್ಲಿ ಅನಗತ್ಯ ಉತ್ಸಾಹವಿತ್ತು.

ನನ್ನ ಹೆಂಡತಿ ಇದರಲ್ಲಿ ತಲೆ ಹಾಕಲಿಲ್ಲ. ಮನೆಯೊಳಗೆ ಬಾಟಲಿ ಬರಕೂಡದು, ಹೊರಗಿನ ವಿಷಯ ನನ್ನ ಕಿವಿಗೆ ಬೀಳಕೂಡದು ಎಂಬುದು ಅವಳ ಸಂವಿಧಾನ. ಆದರೆ ಅವಳಿಗೂ ಒಂದು ದೂರು ಇತ್ತು, ಅದು ನೀರಿನದು. ಆ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿ, ನಮ್ಮ ಅಪಾರ್ಟ್‌ಮೆಂಟಿನವರು ಟ್ಯಾಂಕರಿನವನ ಫೋನಿಗೆ ಕಾದು ಕೂರುತ್ತಿದ್ದ ದಿನಗಳವು. ಮನುಷ್ಯನ ಮೆದುಳು ನೀರನ್ನು ಹಿಡಿದಿಟ್ಟುಕೋ ಎಂದು ಮೂತ್ರಪಿಂಡಕ್ಕೆ ಒಂದು ಹಾರ್ಮೋನಿನ ಮೂಲಕ ಹೇಳಿ ಕಳಿಸುತ್ತದಂತೆ. ಆಲ್ಕೋಹಾಲ್ ಆ ಸಂದೇಶವನ್ನೇ ತಡೆಯುತ್ತದೆ. ಕುಡಿದದ್ದಕ್ಕಿಂತ ಹೆಚ್ಚೇ ಹೊರಗೆ ಹೋಗುತ್ತದೆ. ಹನ್ನೊಂದಕ್ಕೊಮ್ಮೆ, ಒಂದಕ್ಕೊಮ್ಮೆ, ಮೂರಕ್ಕೊಮ್ಮೆ ನಾನು ಎದ್ದು ಹೋಗುವುದು, ಪ್ರತಿ ಸಲವೂ ಫ್ಲಶ್ಶಿನ ಭೋರ್ಗರೆತ.

“ರೀ, ಟ್ಯಾಂಕರ್ ನೀರು ಅದು!” ಎಂದು ಕತ್ತಲಲ್ಲೇ ದನಿ ಬರುತ್ತಿತ್ತು. ಮರುದಿನದಿಂದ ಫ್ಲಶ್ಶಿನ ನಲ್ಲಿ ತಿರುಗಿಸಿ ಬಂದ್ ಮಾಡಿ, ರಾತ್ರಿಗೆಂದು ಒಂದೇ ಬಕೆಟ್ ತುಂಬಿಸಿಟ್ಟಳು. ಮಿತಿ ಅಂದರೆ ಏನೆಂದು ನಮ್ಮ ಮನೆಯಲ್ಲಿ ಸರಿಯಾಗಿ ಗೊತ್ತಿದ್ದದ್ದು ಅವಳಿಗೊಬ್ಬಳಿಗೇ.

ಇದರ ಫಲ ಕಂಡದ್ದು ಒಂದು ಭಾನುವಾರ ಬೆಳಿಗ್ಗೆ. ಅವತ್ತು ಎಂಟು ಕಿಲೋಮೀಟರ್ ಓಡಬೇಕೆಂದು ಕೋಚ್ ಹೇಳಿದ್ದ. ಹಿಂದಿನ ಸಂಜೆ ನಾನು ನಿಯಮದಂತೆ ಒಂದೇ ಬಾಟಲಿ ಮುಗಿಸಿದ್ದೆ. ಕೈಗೆ ಕಟ್ಟಿದ ವಾಚು, ರಾತ್ರಿಯೆಲ್ಲ ನಿಮ್ಮ ಎದೆಬಡಿತ ಇಳಿದೇ ಇಲ್ಲ, ಇವತ್ತು ವಿಶ್ರಾಂತಿ ತೆಗೆದುಕೊಳ್ಳಿ ಎಂದಿತು. ವಾಚಿನ ಮಾತು ಕೇಳಿ ಬದುಕುವ ಜಾಯಮಾನ ನನ್ನದಲ್ಲ. ಹೈಕೋರ್ಟಿನ ಕೆಂಪು ಕಟ್ಟಡದ ಹಿಂದೆ ಮೊದಲ ಸುತ್ತು ಮುಗಿಯುವಷ್ಟರಲ್ಲಿ ನಾಲಿಗೆ ಅಂಗುಳಕ್ಕೆ ಅಂಟಿತು. ಎರಡನೆಯ ಸುತ್ತಿಗೆ ಕಾಲಲ್ಲಿ ಬಲವೇ ಇಲ್ಲ. ಯಕೃತ್ತಿಗೆ ಮದ್ಯ ಬಂತೆಂದರೆ ಮೊದಲು ಅದನ್ನು ವಿಲೇವಾರಿ ಮಾಡುವುದೇ ಕೆಲಸ, ರಕ್ತಕ್ಕೆ ಸಕ್ಕರೆ ತಯಾರಿಸಿ ಕೊಡುವುದು ಆಮೇಲಿನ ಮಾತು. ನನ್ನ ಬಾರ್ಲಿ ಸಿದ್ಧಾಂತ ಅಲ್ಲೇ ಬಿದ್ದುಹೋಯಿತು. ಮೂರನೆಯ ಸುತ್ತಿಗೆ, ಇಷ್ಟು ಬಾಯಾರಿದ ದೇಹದಲ್ಲಿ ಅದು ಎಲ್ಲಿಂದ ಬಂತೋ ಕಾಣೆ, ಮೂತ್ರಕ್ಕೆ ಅವಸರವಾಯಿತು.

ಭಾನುವಾರ ಪಾರ್ಕಿನೊಳಗೆ ವಾಹನ ಬಿಡುವುದಿಲ್ಲ. ಆದ್ದರಿಂದ ಬೆಂಗಳೂರೇ ಅಲ್ಲಿರುತ್ತದೆ. ಬಿದಿರುಮೆಳೆಯ ಹಿಂದೆ ಯೋಗ, ಮರದ ಹಿಂದೆ ಮಕ್ಕಳ ಚಿತ್ರಕಲೆ, ಪೊದೆಯ ಹಿಂದೆ ಪ್ರೇಮ. ಕಡೆಗೆ ಶುಲ್ಕದ ಶೌಚಾಲಯವೊಂದಕ್ಕೆ ಕುಂಟುತ್ತ ಓಡಿದೆ. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಾಕೆ ಕೈ ಅಡ್ಡ ಹಿಡಿದರು.

“ಐದು ರೂಪಾಯಿ.”

“ವಾಪಸ್ ಬರುವಾಗ ಕೊಡ್ತೀನಮ್ಮ.”

“ಎಲ್ಲಿಂದ ಕೊಡ್ತೀರ?” ಎಂದು ಜೇಬಿಲ್ಲದ ನನ್ನ ಚಡ್ಡಿಯನ್ನು ಮೇಲಿಂದ ಕೆಳಗೆ ನೋಡಿದರು. ನ್ಯಾಯವಾದ ಪ್ರಶ್ನೆ. ಫೋನು ಕಾರಿನಲ್ಲಿತ್ತು. ನಾನು ಒಂದೇ ಕಡೆ ನಿಂತು ಓಡತೊಡಗಿದೆ. ನನ್ನ ತರಬೇತಿಯ ಅತಿ ವೇಗದ ಹೆಜ್ಜೆಗಳು ಬಿದ್ದದ್ದು ಆಗಲೇ. ಮಂಕಿ ಕ್ಯಾಪಿನ ಹಿರಿಯರೊಬ್ಬರು ಕರುಣೆಯಿಂದ ಐದರ ನಾಣ್ಯ ಕೊಟ್ಟರು. ಹತ್ತಿರ ಬಂದವರೇ ಮೂಗು ಸ್ವಲ್ಪ ಅರಳಿಸಿ, “ರಾತ್ರಿ ಜಾಸ್ತಿ ಆಯ್ತೇನಪ್ಪ?” ಅಂದರು.

“ಇಲ್ಲ ಸಾರ್, ಒಂದೇ.”

“ಎಲ್ರೂ ಅದನ್ನೇ ಹೇಳೋದು, ಹೋಗು.”

ನಾನು ಹೊರಗೆ ಬರುವಾಗ ಅಕೌಂಟ್ಸಿನ ಗೆಳೆಯ ಅದೇ ದಾರಿಯಲ್ಲಿ ಕೈಬೀಸುತ್ತ ಓಡಿಹೋದ. ಅವನು ಕುಡಿಯುವುದಿಲ್ಲ. ಎರಡು ಮಸಾಲೆದೋಸೆ ತಿನ್ನುತ್ತಾನೆ.

ಇಷ್ಟಾದರೂ ನಾನು ಬಿಟ್ಟೆನೇ? ಇಲ್ಲ. ಸ್ಟ್ರಾಂಗಿನಿಂದ ಮೈಲ್ಡಿಗೆ ಇಳಿದೆ. ಮೈಲ್ಡಿಗೆ ಇಳಿದಮೇಲೆ ಒಂದೂವರೆ ಪರವಾಗಿಲ್ಲ ಅನ್ನಿಸಿತು. ಅರ್ಧ ಬಾಟಲಿ ಯಾರೂ ಮಾರುವುದಿಲ್ಲವಾದ್ದರಿಂದ ಎರಡಾಯಿತು. ನನ್ನನ್ನು ಇದರಿಂದ ಪಾರು ಮಾಡಿದ್ದು ಕೋಚ್ ಅಲ್ಲ, ಮಗಳ ಗಣಿತವಲ್ಲ, ಹೆಂಡತಿಯ ಬಕೆಟ್ಟೂ ಅಲ್ಲ. ಭಾರತದ ಚುನಾವಣಾ ಆಯೋಗ.

ಓಟ ಏಪ್ರಿಲ್ 28ಕ್ಕಿತ್ತಷ್ಟೆ. ಬೆಂಗಳೂರಿಗೆ ಲೋಕಸಭೆ ಮತದಾನ 26ರ ಶುಕ್ರವಾರ ಬಂತು. ಮತದಾನ ಮುಗಿಯುವ ಹೊತ್ತಿಗೆ ಮುಂಚಿನ 48 ಗಂಟೆ ಮದ್ಯ ಮಾರುವಂತಿಲ್ಲ ಎಂದು 1951ರ ಪ್ರಜಾಪ್ರತಿನಿಧಿ ಕಾಯ್ದೆಯಲ್ಲೇ ಇದೆ. ಬುಧವಾರ ಸಂಜೆ ಬಾರಿನ ಶಟರು ಎಳೆದರು. ಎಂಆರ್‌ಪಿ ಅಂಗಡಿಯ ಮುಂದೆ ಮಧ್ಯಾಹ್ನದಿಂದಲೇ ಕ್ಯೂ ಇತ್ತು. ಮತಗಟ್ಟೆಯಲ್ಲಿ ನಾನು ಕಂಡ ಕ್ಯೂ ಅದರ ಅರ್ಧ ಇರಲಿಲ್ಲ. ದಾಸ್ತಾನು ಮಾಡೋಣವೆಂದರೆ ಮನೆಯ ಸಂವಿಧಾನ ಅಡ್ಡ ಬಂತು. ಬುಧವಾರ ರಾತ್ರಿ ನಿದ್ದೆ ಬರಲಿಲ್ಲ. ಗುರುವಾರ ಬಂತು. ಶುಕ್ರವಾರ ಬೆರಳಿಗೆ ಶಾಯಿ ಹಾಕಿಸಿಕೊಂಡು ಬಂದು ಮಲಗಿದವನು ಬೆಳಗಿನವರೆಗೆ ಎದ್ದೇ ಇಲ್ಲ. ಬಕೆಟ್ಟು ತುಂಬಿದ್ದು ತುಂಬಿದಂತೆಯೇ ಇತ್ತು. ಹೆಂಡತಿ ಗಾಬರಿಯಾಗಿ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದಳಂತೆ.

ಶನಿವಾರ ಸಂಜೆ, ಓಟಕ್ಕೆ ಒಂದೇ ರಾತ್ರಿ ಉಳಿದಿರುವಾಗ, ನನ್ನ ಕಾಲುಗಳು ತಾವಾಗಿಯೇ ಬಾರಿಗೆ ಹೋದವು. ಒಂದೇ, ಮೈಲ್ಡೇ, ಅರ್ಧ ಚೆಲ್ಲಿದರೂ ಸರಿ ಎಂದು ಪ್ರಮಾಣ ಮಾಡಿಕೊಂಡಿದ್ದೆ. ಒಳಗೆ ಕಾಲಿಡಲು ಜಾಗವಿಲ್ಲ. ಇಡೀ ಬಡಾವಣೆ ಬಾಕಿ ಚುಕ್ತಾ ಮಾಡಲು ಬಂದಿತ್ತು. ಸಪ್ಲೈಯರ್ ಬೆವರೊರೆಸಿಕೊಳ್ಳುತ್ತ, “ಕೂಲಿಂಗ್ ಇಲ್ಲ ಸಾರ್. ಫ್ರಿಜ್ ಖಾಲಿ. ಬಿಸಿದೇ ಕೊಡ್ಲಾ?” ಅಂದ. ಬಿಸಿಲು 37-38 ಡಿಗ್ರಿ ಮುಟ್ಟುತ್ತಿದ್ದ ವಾರ. ಅವನ ಕೈಯಲ್ಲಿದ್ದ ಬಾಟಲಿ ಮುಟ್ಟಿ ನೋಡಿದೆ. ಬಚ್ಚಲ ಹಂಡೆಯಿಂದ ತೆಗೆದ ಚೊಂಬಿನಂತಿತ್ತು. ನನಗೆ ಚಟವಿದೆ, ಆದರೆ ರುಚಿಯೂ ಇದೆ. ಎದುರಿನ ಅಂಗಡಿಯಲ್ಲಿ ನಿಂಬೆಹಣ್ಣಿನ ಸೋಡಾ ಕುಡಿದು ಮನೆಗೆ ಬಂದೆ.

ಭಾನುವಾರ ನಾನು ಹಲಸೂರು ಕೆರೆಯ ಪಕ್ಕ, ಕಬ್ಬನ್ ರಸ್ತೆಯ ಮೇಲೆ, ಎಲ್ಲೂ ನಿಲ್ಲದೆ, ಯಾರಿಂದಲೂ ಐದು ರೂಪಾಯಿ ಬೇಡದೆ ಓಡಿ ಮುಗಿಸಿದೆ. ಒಂದು ಗಂಟೆ ಹನ್ನೆರಡು ನಿಮಿಷ. ಅವತ್ತು ಗೆದ್ದ ಕೀನ್ಯಾದ ಪೀಟರ್ ಮ್ವಾನಿಕಿಗೆ 28 ನಿಮಿಷ ಚಿಲ್ಲರೆ ಸಾಕಾಯಿತಂತೆ. ಅಷ್ಟು ಹೊತ್ತಿನಲ್ಲಿ ನಾನು ನಾಲ್ಕನೇ ಕಿಲೋಮೀಟರಿನ ಫಲಕ ದಾಟಿದ್ದೆ, ಅದೂ ನಗುತ್ತ. ಅಕೌಂಟ್ಸಿನ ಗೆಳೆಯ ನನಗಿಂತ ಎರಡು ನಿಮಿಷ ಮುಂದೆ. ಕೋಚ್ ಬೆನ್ನು ತಟ್ಟಿ, “ಕೊನೇ ವಾರ ಬಿಟ್ಟಿದ್ರಿ ಅಲ್ವಾ ಸರ್? ಗೊತ್ತಾಗುತ್ತೆ” ಅಂದ. ನಾನು ಸಂಕೋಚದಿಂದ ತಲೆ ತಗ್ಗಿಸಿದೆ. ಆಯೋಗದ ಹೆಸರು ಹೇಳಲಿಲ್ಲ.

ಮರುವರ್ಷ 2025ರ ಏಪ್ರಿಲ್ 27ಕ್ಕೆ ಓಟ ಬಂತು. ಆ ವಾರ ಊರಲ್ಲಿ ಯಾವ ಮತದಾನವೂ ಇರಲಿಲ್ಲ. ಆ ಓಟದ ಸಮಯವನ್ನು ಇಲ್ಲಿ ಬರೆಯುವುದಿಲ್ಲ. ಬೆಂಗಳೂರಿನ ಪಾಲಿಕೆಗೆ ಕೊನೆಯ ಚುನಾವಣೆ ನಡೆದದ್ದು 2015ರಲ್ಲಿ. ಸದಸ್ಯರ ಅವಧಿ ಮುಗಿದದ್ದು 2020ರಲ್ಲಿ. ಅಷ್ಟು ವರ್ಷವಾದರೂ ಆ ಓಟದ ಹೊತ್ತಿಗೆ ಮುಂದಿನದು ನಡೆದಿರಲಿಲ್ಲ. ಆದ್ದರಿಂದ ರಾಜ್ಯ ಚುನಾವಣಾ ಆಯೋಗದಲ್ಲಿ ಒಬ್ಬ ಮತದಾರನ ವಿನಂತಿ: ಇಷ್ಟು ತಡವಾಗಿದೆ, ಇನ್ನೊಂದು ಸ್ವಲ್ಪ ತಡವಾದರೂ ಅಡ್ಡಿಯಿಲ್ಲ, ದಯವಿಟ್ಟು ಮತದಾನವನ್ನು 10ಕೆ ಓಟದ ಹಿಂದಿನ ದಿನಕ್ಕೇ ಇಡಿ. ಶುಕ್ರವಾರ ಬೇಡ, ಶನಿವಾರ. ಪ್ರತಿ ವರ್ಷವೂ ಬಾರಿನ ಫ್ರಿಜ್ ಖಾಲಿ ಇರುತ್ತದೆಂದು ಹೇಳಲಾಗುವುದಿಲ್ಲ.