ಪ್ರಶಾಂತ ಗ್ರಾಮದಲ್ಲೊಂದು ಗೃಹ

ತೀರ್ಥಹಳ್ಳಿಯ ಕಡೆಯ ಒಂದು ಗ್ರಾಮದಲ್ಲಿ, ಅಡಕೆತೋಟದ ನೆತ್ತಿಯ ಮೇಲೆ ಒಂಟಿಯಾಗಿ ನಿಂತು, ತಲೆಮಾರುಗಳ ಸಂಸಾರವನ್ನು ತನ್ನ ಜಗಲಿ, ನಡುಮನೆ, ಅಟ್ಟಗಳಲ್ಲಿ ಸಲಹಿ, ಈಗ ಸಲಹಿಸಿಕೊಳ್ಳುವವರೇ ಇಲ್ಲದೆ ವಿಕ್ರಯಕ್ಕೆ ಸಿದ್ಧವಾದ ಮನೆಯೊಂದರ ಅಂಗಳದಲ್ಲಿ, ಬೆಂಗಳೂರಿನಿಂದ ಶಾಂತಿಯನ್ನರಸಿ ಬಂದ ರಾಯರಿಗೂ ದಲ್ಲಾಳಿಗೂ ಈ ಸಂವಾದ ನಡೆಯಿತು.

ರಾಯರು: ಇಷ್ಟೊಂದು ನಿಶ್ಶಬ್ದಕ್ಕೆ ಕಾರಣವೇನಯ್ಯಾ?

ದಲ್ಲಾಳಿ: ಶಬ್ದ ಮಾಡತಕ್ಕವರೆಲ್ಲರೂ ನಿಮ್ಮ ಬೆಂಗಳೂರಿನಲ್ಲಿದ್ದಾರೆ, ಸ್ವಾಮಿ. ಮಕ್ಕಳಿಲ್ಲದೆ ಶಾಲೆಗೂ ಬೀಗ ಬಿದ್ದಿದೆ; ಶಾಂತಿಗೆ ಭಂಗವೆಂಬುದೇ ಇಲ್ಲ.

ರಾಯರು: ಮಾಡು ಸೋರುವಂತಿದೆಯಲ್ಲ?

ದಲ್ಲಾಳಿ: ಹೆಂಚು ಸಾಮಾನ್ಯದ್ದಲ್ಲ; ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದು ಪ್ರಸಿದ್ಧಿಗೆ ತಂದ ಜಾತಿ. ಆದರೆ ಮಂಗಗಳಿಗೆ ಇತಿಹಾಸಪ್ರಜ್ಞೆ ಕಡಿಮೆ.

ರಾಯರು: ಮೊಬೈಲ್ ಸಿಗ್ನಲ್?

ದಲ್ಲಾಳಿ: ಹಿಂದಿನ ಗುಡ್ಡವನ್ನೇರಿದರೆ ಲಭ್ಯ.

ರಾಯರು: ಸಂತೋಷ. ಕ್ರಯವಾದೊಡನೆಯೇ ಇದನ್ನು ಹೋಂಸ್ಟೇ ಮಾಡಿ, ಅಂಗಳಕ್ಕೆ ಕಾಂಕ್ರೀಟು ಸುರಿದು, ಶನಿವಾರದ ಅತಿಥಿಗಳ ಕುಣಿತಕ್ಕೆ ಧ್ವನಿವರ್ಧಕಗಳನ್ನು ಸ್ಥಾಪಿಸಿ, ಈ ದಿವ್ಯ ಮೌನವನ್ನು ನಾಲ್ಕು ಜನರಿಗೆ ಹಂಚಬೇಕೆಂಬುದು ನನ್ನ ಸಂಕಲ್ಪ.

(ಹಂಚಲು ಹೊರಟ ವಸ್ತುವನ್ನು ಮೊದಲು ಕೊಂದುಬಿಡುವ ಈ ಔದಾರ್ಯವು ನಗರವಾಸಿಗಳಲ್ಲಿ ಹೇರಳವಾಗಿಯೇ ಉಂಟು.)

ರಾಯರು: ಇನ್ನು ಕಾಗದಪತ್ರ?

ದಲ್ಲಾಳಿ: ಇ-ಸ್ವತ್ತಿನ ನಮೂನೆ 9 ಪಂಚಾಯಿತಿಯಿಂದ ಇನ್ನೇನು ಬರತಕ್ಕದ್ದು, ಋಣಭಾರ ಪತ್ರ ಕೈಯಲ್ಲಿದೆ. ಪಾಲು ಮಾತ್ರ ಆಗಿಲ್ಲ. ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿಯ ತರುವಾಯ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲಷ್ಟೆ. ಮೂವರು ಅಕ್ಕತಂಗಿಯರ ಸಹಿ ಬೇಕು. ಇಬ್ಬರು ಒಪ್ಪಿದ್ದಾರೆ.

ರಾಯರು: ಮೂರನೆಯವರು?

ದಲ್ಲಾಳಿ: ಅವರು ನಿವೃತ್ತರಾಗಿ, ಬರುವ ತಿಂಗಳು ಇದೇ ಮನೆಗೆ ವಾಸಕ್ಕೆ ಬರುತ್ತಿದ್ದಾರೆ, ಸ್ವಾಮಿ.