ತಾರಸಿ ಮೇಲಿನ ತಂಪು

ಮೇ ತಿಂಗಳ ಹೊಸಪೇಟೆ, ಬಿಸಿಲು 40 ಡಿಗ್ರಿ. "ಸಂಜಿಗೆ ತಾರಸಿ ಮ್ಯಾಲೆ ತಂಪಿರ್ತದ, ಬರ್ರಿ" ಎಂದು ನೆಂಟರನ್ನೆಲ್ಲ ಕರೆದಿದ್ದೆ. ಸಂಜೆಯಾದದ್ದು ತಾರಸಿಗೇ ಗೊತ್ತಿರಲಿಲ್ಲ! ಬಿಂದಿಗೆ ಬಿಂದಿಗೆ ನೀರು ಸುರಿದರೆ ಚುಂಯ್ ಎಂದು ಆವಿಯೆದ್ದು, ಚಾಪೆ ಮೇಲೆ ಕೂತ ಕಂಪ್ಲಿಯ ಭಾವ ಇಡ್ಲಿಯಂತೆ ಬೆಂದರು. ಸಂಡೂರಿನ ಅತ್ತಿಗೆ ತಮ್ಮೂರ ಗುಡ್ಡದ ಗಾಳಿಯನ್ನು ಹೊಗಳಿದ್ದೇ ಹೊಗಳಿದ್ದು. ಬರುವಾಗ ಒಂದಿಷ್ಟು ತರಬಾರದಿತ್ತೇ?

ಹಂಪಿಯ ಅರಸರು ಜಾಣರು. ನಡುವೆ ಕೊಳ, ಸುತ್ತಲೂ ಕಮಾನಿನ ಮೊಗಸಾಲೆ ಇಟ್ಟು ಕಟ್ಟಿಸಿದರು. ಅದನ್ನೇ ಈಗ ರಾಣಿಯರ ಸ್ನಾನಗೃಹ ಅನ್ನುತ್ತೇವೆ. ನಮ್ಮದು ತಾರಸಿಯ ಕರಿ ಟ್ಯಾಂಕು, ನಲ್ಲಿ ತಿರುಗಿಸಿದರೆ ನೇರವಾಗಿ ಚಹಾಪುಡಿ ಹಾಕಬಹುದು.

ಇಷ್ಟೆಲ್ಲ ಬೆವರಿದವರು ಮಜ್ಜಿಗೆ ಬಿಟ್ಟು ಕೇಳಿದ್ದು ಒಗ್ಗರಣೆ ಮಂಡಕ್ಕಿ, ಜೊತೆಗೆ ಎಣ್ಣೆಯಿಂದ ಆಗಷ್ಟೇ ಎತ್ತಿದ ಮಿರ್ಚಿ! ಒಲೆಯ ಮುಂದೆ ನಿಂತವಳು ನನ್ನ ಹೆಂಡತಿ; ತಂಪಿನ ಬಗ್ಗೆ ಅವಳ ಅಭಿಪ್ರಾಯ ಇಲ್ಲಿ ಬರೆಯುವಂತಿಲ್ಲ. ನೀವೂ ಬರ್ರಿ, ಬೀಸಣಿಗೆ ಮಾತ್ರ ನಿಮ್ಮದೇ ತರ್ರಿ.